ಎಲ್ಲರೂ ಆರಾಮ ಎಂದ ಮನೆಗಳು

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಸರಟೋಗಾದ ಗುಡ್ಡದ ಕಡೆ ಮಂಜು ಇಳಿದ ಬೆಳಿಗ್ಗೆ ಕಾರಿನ ಕಿಟಕಿ ತೆರೆದರೆ ನೀಲಗಿರಿ ಮರಗಳ ವಾಸನೆ ತಣ್ಣಗೆ ಒಳಗೆ ಬರುತ್ತದೆ. ಆ ವಾಸನೆ ಬಂದರೆ ಸಾಕು, ನಾನು ಎವರ್‌ಗ್ರೀನ್ ಬಡಾವಣೆಯ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿರುತ್ತೇನೆ. ಅರ್ಧ ಎಳೆದ ಪರದೆ, ಮಂಚದ ಮೇಲೆ ಕೂತು ಎದೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿರುವ ಅಜ್ಜಿ. ಆ ಮನೆ ಈಗ ಯಾರದೋ ಆಗಿದೆ, ಅಂಗಳದ ನಿಂಬೆ ಗಿಡ ಹೋಗಿದೆ. ನಿಮಗೂ ಅಂಥದೊಂದು ಮನೆ ಇದ್ದರೆ, ಅದರ ಮುಂದೆ ಕಾರು ನಿಧಾನ ಮಾಡಿ, ನಿಲ್ಲಿಸಲಾಗದೆ ಮುಂದೆ ಹೋಗುವುದು ಏನೆಂದು ನಾನು ಹೇಳಬೇಕಾಗಿಲ್ಲ.

ಅಮ್ಮನಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ. ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲದಲ್ಲಿ ಅವಳಿಗೊಂದು ವಿಚಿತ್ರ ಜವಾಬ್ದಾರಿ ಬಿತ್ತು. ಸುಮಾರು ನೂರು ವರ್ಷದ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕೇರಿಯಲ್ಲಿ ಪ್ಲೇಗು ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂದು ನಕ್ಷೆಯ ಮೇಲೆ ಗುರುತಿಸಬೇಕಿತ್ತು. ಆಗಿನ ಇನ್‌ಸ್ಪೆಕ್ಟರುಗಳು ಬಾಗಿಲು ಬಾಗಿಲು ತಟ್ಟಿ ಬರೆದುಕೊಂಡ ಪುಸ್ತಕಗಳ ಪ್ರತಿಗಳು ಊಟದ ಮೇಜಿನ ತುಂಬ ಹರಡಿಕೊಂಡವು, ನಾವು ನೆಲದ ಮೇಲೆ ಕೂತು ಉಂಡೆವು. ಸಂಜೆಯ ಬಿಸಿಲು ನಕ್ಷೆಯ ಮೇಲೆ ಬಿದ್ದಾಗ ನಾನು ಬೆರಳಿನಿಂದ ಆ ಓಣಿಗಳಲ್ಲಿ ಅಡ್ಡಾಡುತ್ತಿದ್ದೆ. ಪ್ಲೇಗಿನ ಸಾವಿಗೆ ಅಮ್ಮ ಇಟ್ಟ ಕೆಂಪು ಚುಕ್ಕಿಯ ಮನೆ ಬಂದರೆ ಉಸಿರು ಬಿಗಿಹಿಡಿದು ದಾಟುತ್ತಿದ್ದೆ. ಅಮ್ಮ ನಗುತ್ತಿದ್ದಳು. "ಚುಕ್ಕಿ ಇರೋ ಮನೆಗೆ ಯಾಕೆ ಹೆದರ್ತೀಯ? ಚುಕ್ಕಿ ಇಲ್ಲದ ಮನೆ ನೋಡು. ಎರಡೂ ಪಕ್ಕದಲ್ಲಿ ಸತ್ತಿದ್ದಾರೆ, ಇವರು ಮಾತ್ರ ಎಲ್ಲಾ ಹುಷಾರಾಗಿದೀವಿ ಅಂತಾರೆ. ಅಲ್ಲೇ ಇರತ್ತೆ ಕಾಯಿಲೆ." ಅಂಥ ಮನೆಗಳಿಗೆ ಅವಳು ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕುತ್ತಿದ್ದಳು.

ಅಜ್ಜಿ ಅಪ್ಪನ ತಾಯಿ, ಹುಬ್ಬಳ್ಳಿಯವಳು. ಅಪ್ಪ ಆಫೀಸಿನಿಂದ ಬರುವುದು ತಡವಾಗುತ್ತಿತ್ತು, ಹಾಗಾಗಿ ಆ ಸಂಜೆಗಳೆಲ್ಲ ನಮ್ಮ ಮೂವರವೇ. ಪೆನ್ಸಿಲಿನ ಸುತ್ತುಗಳನ್ನು ನೋಡಿ ಅಜ್ಜಿಗೆ ಸಿಟ್ಟು ಬರುತ್ತಿತ್ತು. "ಮುಚ್ಚಿಡದ ಏನ್ ಮಾಡಬೇಕವಾ ಪಾಪ? ನಮ್ಮವ್ವ ಸಣ್ಣಾಕಿ ಇದ್ದಾಗ ಹುಬ್ಬಳ್ಯಾಗೂ ಹಿಂಗ ಬಂದು ಕೇಳ್ತಿದ್ರಂತ. ಹೌದು ಅಂದ್ರ ಹಾಸಿಗಿ ಸಮೇತ ಎತ್ತಿ ಊರ ಹೊರಗಿನ ಶೆಡ್ಡಿಗೆ ಒಯ್ತಿದ್ರು. ಹೋದವ್ರು ತಿರುಗಿ ಬರಲಿಲ್ಲ." ಅದಕ್ಕೇ ಅಜ್ಜಿಯ ತಾಯಿಯ ಮನೆಯ ಮಕ್ಕಳಿಗೆಲ್ಲ ಒಂದೇ ಉತ್ತರ ಬಾಯಿಪಾಠ ಮಾಡಿಸಿದ್ದರಂತೆ: ಎಲ್ಲಾರೂ ಆರಾಮ ಅದೀವ್ರಿ. ಶೆಡ್ಡು ಹೋದರೂ ಉತ್ತರ ಅಜ್ಜಿಯ ನಾಲಿಗೆಯ ಮೇಲೆ ಉಳಿದುಬಿಟ್ಟಿತ್ತು. ಗ್ರೋಸರಿ ಅಂಗಡಿಯ ಹುಡುಗಿ "ಹೌ ಆರ್ ಯೂ" ಅಂದರೂ ಅದೇ ಹೇಳಿ ಕೈ ಮುಗಿಯುತ್ತಿದ್ದಳು.

ಆ ಚಳಿಗಾಲದ ಕೊನೆಯಲ್ಲಿ ಅಜ್ಜಿಗೆ ಕೆಮ್ಮು ಶುರುವಾಯಿತು. ಸ್ಕೂಲಿನಿಂದ ಬಂದ ಮೇಲೆ ನಾವಿಬ್ಬರೇ ಇರುತ್ತಿದ್ದೆವು. ಮಧ್ಯಾಹ್ನವೆಲ್ಲ ಬಿಡದೆ ಕೆಮ್ಮಿ, ಅಮ್ಮನ ಕಾರಿನ ಸದ್ದು ಕೇಳಿದೊಡನೆ ಎಣ್ಣೆ ತಿಕ್ಕಿಕೊಂಡು ದಿಂಬಿಗೆ ಮುಖ ಒತ್ತಿಬಿಡುತ್ತಿದ್ದಳು. "ನಿಮ್ಮವ್ವಗ ಹೇಳಬ್ಯಾಡ ಖೋಡಿ," ಎಂದು ನನ್ನ ಗಲ್ಲ ಹಿಡಿದಳು. "ದವಾಖಾನಿಗೆ ಒಯ್ದು ಮಲಗಿಸ್ತಾಳ." ಹೋದವರು ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತಲ್ಲ, ಅಜ್ಜಿಯೇ ಹೇಳಿದ್ದಳು. ಒಂದು ಸಂಜೆ ಅಮ್ಮ ನಕ್ಷೆಯಿಂದ ತಲೆಯೆತ್ತಿ, "ಪುಟ್ಟಿ, ಅಜ್ಜಿಗೆ ಕೆಮ್ಮೇನಾದ್ರೂ ಇದ್ಯಾ?" ಎಂದು ಕೇಳಿದಳು. ನನಗೆ ಆಗ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ನೋ, ಶಿ ಈಸ್ ಫೈನ್," ಅಂದೆ. ಅಮ್ಮ ಮತ್ತೆ ನಕ್ಷೆಯ ಮೇಲೆ ಬಗ್ಗಿದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ನಾಲ್ಕು ದಿನದ ಮೇಲೆ ಅಜ್ಜಿಯನ್ನು ಆಂಬುಲೆನ್ಸಿನಲ್ಲಿ ಒಯ್ದರು. ನ್ಯುಮೋನಿಯಾ ಎರಡೂ ಶ್ವಾಸಕೋಶ ತುಂಬಿತ್ತು. ಇನ್ನಷ್ಟು ಮೊದಲೇ ತರಬೇಕಿತ್ತು ಎಂದರು ಡಾಕ್ಟರು.

ನಾನು ಕನ್ನಡ ಓದಿ ಬರೆಯಲು ಕಲಿತದ್ದು ಅಜ್ಜಿ ತೀರಿಹೋದ ಮೇಲೆ. ಅಜ್ಜಿಯನ್ನು ಕೊಂದವಳು ನಾನೇ ಎಂದು ಎಷ್ಟೋ ವರ್ಷ ನಂಬಿದ್ದೆ, ಯಾರಿಗೂ ಹೇಳಿರಲಿಲ್ಲ. ಅಮ್ಮ ರಿಟೈರಾಗಿ ಈಗ ವಾಲ್ನಟ್ ಕ್ರೀಕ್‌ನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಹೋದ ತಿಂಗಳು ಅವಳ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಅಜ್ಜಿ ಕೆಮ್ಮುತ್ತಿದ್ದುದು ನನಗೆ ಗೊತ್ತಿತ್ತು, ಸುಳ್ಳು ಹೇಳಿದೆ ಎಂದುಬಿಟ್ಟೆ. ಅಮ್ಮ ಚಹಾದ ಲೋಟ ಕೆಳಗಿಟ್ಟಳು.

"ನಂಗೂ ಗೋಡೆ ಆಚೆಯಿಂದ ಕೇಳಿಸ್ತಿತ್ತು ಕಣೇ," ಅಂದಳು. "ಆ ವಾರ ನಕ್ಷೆ ಒಪ್ಪಿಸಬೇಕಿತ್ತು. ನೀನು ಇಲ್ಲ ಅಂದೆ. ಅದನ್ನೇ ನಿಜ ಅಂದ್ಕೊಂಡು ಕೆಲಸ ಮಾಡ್ತಾ ಕೂತೆ."

ನಾನು ಏನೋ ಸಮಾಧಾನ ಹೇಳಹೋದೆ. ಅಮ್ಮ ತಲೆಯಾಡಿಸಿದಳು. "ನೀನು ಮಗು. ನಾನು ಮಗು ಆಗಿರಲಿಲ್ಲ." ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟು ವರ್ಷ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದ ನಾವು, ಅಜ್ಜಿಗಾಗಿ ಅವತ್ತು ಒಟ್ಟಿಗೆ ಅತ್ತೆವು.