ಮೆಹಂದಿಯ ಕೆಳಗಿನ ಕೆಂಪು

ಕೀಮೋ ಅಂದರೆ ಕೂದಲು ಉದುರುತ್ತದೆ ಎಂದುಕೊಂಡು ಎರಡು ಚಂದದ ಸ್ಕಾರ್ಫ್ ತರಿಸಿಟ್ಟಿದ್ದೆ. ಕೂದಲು ಇದ್ದಲ್ಲೇ ಇದೆ, ಸುಟ್ಟದ್ದು ಅಂಗೈ.

ಕರುಳಿನ ಆಪರೇಷನ್ ಆದಮೇಲೆ, ಕ್ಯಾನ್ಸರ್ ಇನ್ನೂ ಎಲ್ಲಾದರೂ ಅವಿತಿದ್ದರೆ ಸಾಯಲಿ ಎಂದು ಹುಬ್ಬಳ್ಳಿಯ ಡಾಕ್ಟರು ಕೆಪೆಸಿಟಬಿನ್ ಮಾತ್ರೆ ಕೊಟ್ಟರು. ಎರಡು ವಾರ ನುಂಗಬೇಕು, ಒಂದು ವಾರ ರಜೆ. ನೋಡಲು ಪೀಚ್ ಬಣ್ಣ, ವೆರಿ ಲೇಡಿಲೈಕ್. ಮೊದಮೊದಲ ಕೀಮೋ ಔಷಧಿಯ ಮೂಲ ಯುದ್ಧದ ವಿಷಾನಿಲವಂತೆ. ಈ ಸಂತತಿ ಮಾತ್ರ ಇಷ್ಟು ಸಭ್ಯ ಮುಖ ಹೊತ್ತು ಬಂದಿದೆ; ನನ್ನ ಗಂಡನ ಕಡೆಯ ನೆಂಟರ ಹಾಗೆ.

"ಅಂಗೈ ಅಂಗಾಲು ಉರಿದು ಗುಳ್ಳೆ ಎದ್ರ, ಭೇದಿ ನಿಲ್ಲಲಿಲ್ಲಂದ್ರ, ಮಾತ್ರೆ ನಿಲ್ಸಿ ನನಗ ಫೋನ್ ಮಾಡ್ರಿ" ಎಂದಿದ್ದರು ಡಾಕ್ಟರು. ನನ್ನ ಕಿವಿಗೆ ಬಿದ್ದದ್ದು "ನಿಲ್ಸಿ" ಒಂದೇ. ನಿಲ್ಲಿಸಿದರೆ ಆ ಅವಿತವನು ಎದ್ದು ಕೂರುವುದಿಲ್ಲವೇ? ಹಾಗಾಗಿ ಚಹಾದ ಕಪ್ಪು ಹಿಡಿಯಲಾಗದಷ್ಟು ಕೈ ಉರಿದಾಗಲೂ ಫೋನ್ ಮುಟ್ಟಲಿಲ್ಲ.

ಪಕ್ಕದ ಮನೆಯ ಶಮ್ಶಾದ್ ಒಂದು ಕಾಲದಲ್ಲಿ ನಾನು ಪಾಠ ಹೇಳಿದ ಹುಡುಗಿ. "ಬಾಯಾರ, ಮೆಹಂದಿ ಹಚ್ತೇನಿ ಬರ್ರಿ, ಥಂಡ ಆಗ್ತೈತಿ" ಎಂದಳು. ತಂಪಾಯಿತೋ ಇಲ್ಲವೋ, ಕೈಯ ಕೆಂಪು ಮೆಹಂದಿಯಲ್ಲಿ ಮುಳುಗಿತು. ನನಗೆ ಬೇಕಾದದ್ದೂ ಅದೇ.

ಹಳಿಯಾಳದಿಂದ ನೋಡಲು ಬಂದ ನಾದಿನಿ ಹೌಹಾರಿದಳು. "ಅಯ್ಯ ವೈನಿ, ಅಣ್ಣ ಹೋದ ಮ್ಯಾಲ ಇದೇನಿದು? ಯಾರ ಲಗ್ನ ಐತಿ?"

"ನಂದ," ಎಂದೆ. "ವರ ಹುಬ್ಬಳ್ಳ್ಯಾಗ ಅದಾನ. ಬಿಳಿ ಕೋಟು."

ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು "ಕೈ ತೋರಸ್ರಿ" ಎಂದರು. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಉಗುರು ತೋರಿಸಿದಂತೆ ಚಾಚಿದೆ. ಅವರು ಮೆಹಂದಿ ನೋಡಿದರು, ನನ್ನ ಮುಖ ನೋಡಿದರು. "ಚಪ್ಪಲಿ ತಗೀರಿ."

ಅಂಗಾಲಿಗೂ ಹಚ್ಚಿಸಿಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಅಲ್ಲಿ ಗುಳ್ಳೆ ಒಡೆದು ಚರ್ಮ ಸುಲಿದಿತ್ತು.

"ಯಾಕ ಮುಚ್ಚಿಟ್ರಿ, ಮೇಡಂ?"

"ನೀವು ಮಾತ್ರೆ ಕಸ್ಕೋತೀರಿ ಅಂತ."

"ಗಾಯ ಮಾಯೂತನಕ ನಿಲ್ಸೂಣು, ಆಮ್ಯಾಲ ಡೋಸ್ ಇಳಿಸಿ ಕೊಡ್ತೇನಿ. ಹಿಂಗ ನುಂಗಿದ್ರ ಕ್ಯಾನ್ಸರ್‌ಕಿಂತ ಮೊದಲ ಔಷಧಾನ ನಿಮ್ಮನ್ನ ಒಯ್ತಿತ್ತು."

ಈಗ ಮಾತ್ರೆಯಿಲ್ಲದ ದಿನಗಳು. ಕೈ ತಣ್ಣಗಿದೆ, ಎದೆ ತಣ್ಣಗಿಲ್ಲ. ಮದುವೆಯಾಗಿ ದಾಂಡೇಲಿಗೆ ಬಂದ ಹೊಸತರಲ್ಲಿ ಅತ್ತೆ ತವರಿಗೆ ಹೋದಾಗಲೂ ಹೀಗೇ: ಬೈಯುವವರಿಲ್ಲ, ಹಿತ್ತಲ ಬಾಗಿಲು ಹಾಕಿದೆಯಾ ಎಂದು ಕೇಳುವವರೂ ಇಲ್ಲ. ಆಗ, ಅವರು ಬರುವುದು ತಡವಾಗಲಿ ಎಂದು ಪ್ರೇ ಮಾಡಿದ್ದೆ. ಈ ಸಲ ನಾನೇ ಹೊಸ್ತಿಲಲ್ಲಿ ಕೂತು ಮಾತ್ರೆಯ ದಾರಿ ನೋಡುತ್ತಿದ್ದೇನೆ. ಬರಲಿ, ಬೈಯಲಿ, ದನಿ ಮಾತ್ರ ಸ್ವಲ್ಪ ತಗ್ಗಿರಲಿ.