ಕೆಳಬೀದಿಯ ಇಪ್ಪತ್ತು ನಿಮಿಷ

ನನ್ನ ಚಿಕ್ಕಪ್ಪ ನೀರಗಂಟಿ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ವಾರ್ಡಿನ ಎರಡು ಬೀದಿಗಳಿಗೆ ನಲ್ಲಿ ನೀರು ಬಿಡುತ್ತಿದ್ದಾರೆ. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಹೋಗಿ, ಗುಂಡಿಯ ಮುಚ್ಚಳ ಸರಿಸಿ, ವಾಲ್ವ್ ತಿರುಗಿಸುತ್ತಾರೆ. ಕೆಳಬೀದಿಗೆ ಒಂದು ಗಂಟೆ, ಮೇಲ್ಬೀದಿಗೆ ಒಂದು ಗಂಟೆ. ಮೊದಲಿನಿಂದಲೂ ಅದೇ ಪದ್ಧತಿ.

ಕೆಳಬೀದಿ ಇಳಿಜಾರಿನಲ್ಲಿದೆ. ನಲವತ್ತು ನಿಮಿಷದಲ್ಲಿ ಅಲ್ಲಿನ ತೊಟ್ಟಿಗಳೆಲ್ಲ ತುಂಬಿ, ಉಳಿದ ಇಪ್ಪತ್ತು ನಿಮಿಷ ನೀರು ಚರಂಡಿ ಪಾಲಾಗುತ್ತದೆ. ದಿಬ್ಬದ ಮೇಲ್ಬೀದಿಯಲ್ಲಿ ಮಾತ್ರ ನಲ್ಲಿ ನೂಲೆಳೆಯಂತೆ ಸುರಿದು, ಆರನೆಯ ಕೊಡಕ್ಕೆ ನಿಂತುಬಿಡುತ್ತದೆ. ಚಿಕ್ಕಪ್ಪನ ಮನೆಯೂ ಮೇಲ್ಬೀದಿಯಲ್ಲೇ, ನಾನೂ ಇರುವುದು ಅಲ್ಲೇ. ಸೊಂಟನೋವಿನ ಚಿಕ್ಕಮ್ಮ ಕಡಿಮೆ ಬಿದ್ದ ನೀರನ್ನು ಬೋರ್‌ವೆಲ್‌ನಿಂದ ಹೊತ್ತು ತರುತ್ತಾರೆ.

ಕೊನೆಗೊಂದು ದಿನ ಚಿಕ್ಕಪ್ಪ ಚರಂಡಿಗೆ ಹೋಗುತ್ತಿದ್ದ ಆ ಇಪ್ಪತ್ತು ನಿಮಿಷವನ್ನು ಮೇಲ್ಬೀದಿಗೆ ತಿರುಗಿಸಿದರು. ಕೆಳಬೀದಿಯ ಒಂದು ಕೊಡವೂ ಖಾಲಿ ಉಳಿಯಲಿಲ್ಲ. ಮೇಲ್ಬೀದಿಗೆ ಮನೆಗೆರಡು ಕೊಡ ಹೆಚ್ಚಾಯಿತು. ಯಾರಿಗೂ ನಷ್ಟವಿಲ್ಲವಲ್ಲ, ಯಾರನ್ನು ಕೇಳುವುದು ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ನಾಲ್ಕನೆಯ ದಿನಕ್ಕೆ ಸಿಕ್ಕಿಬಿದ್ದರು. ಕೆಳಬೀದಿಯಲ್ಲಿ ಬಸ್ ನಿಲ್ದಾಣದಿಂದ ನಿವೃತ್ತರಾದ ಟೈಂಕೀಪರ್ ಒಬ್ಬರಿದ್ದಾರೆ. ನಲ್ಲಿಯ ಮುಂದೆ ಕೈಗಡಿಯಾರ ಹಿಡಿದು ನಿಂತಿದ್ದರು.

"ನಲವತ್ತೇ ನಿಮಿಷಕ್ಕೆ ನಿಲ್ಸಿದೀಯ. ನಮ್ಮ ಇಪ್ಪತ್ತು ನಿಮಿಷ ಎಲ್ಲಯ್ಯ?"

"ನಿಮ್ಮ ತೊಟ್ಟಿ ತುಂಬಿದೆಯಲ್ಲ ಯಜಮಾನ್ರೇ."

"ತೊಟ್ಟಿ ವಿಷಯ ಬಿಡು. ಟೈಮ್ ಕೇಳ್ತಿದೀನಿ. ಮೇಲ್ಬೀದೀಲಿ ನಿನ್ನ ಮನೆ ಇದೆ ಅಂತ ನಮ್ಮ ನೀರು ಹೊತ್ಕೊಂಡು ಹೋಗ್ತೀಯಾ?"

ಸ್ವಂತ ಮನೆಯ ಮಾತು ಎದ್ದೀತೆಂದು ಚಿಕ್ಕಪ್ಪನಿಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಮೊದಲೇ ಹೇಳಿ ಮಾಡುತ್ತಿದ್ದರು.

ವಾರ್ಡ್ ಸದಸ್ಯರು ಸಮುದಾಯ ಭವನದಲ್ಲಿ ಸಭೆ ಕರೆದರು. ಮನೆಗೊಬ್ಬರು ಕೈ ಎತ್ತಬೇಕು. ಮೇಲ್ಬೀದಿಯಲ್ಲಿ ಮೂರು ಮನೆ ಹೆಚ್ಚು, ಗೆಲುವು ನಮ್ಮದೇ. ರಾಜ್ಯಶಾಸ್ತ್ರ ಓದಿದ್ದ ನಾನು, ಜನ ತಮ್ಮ ಲಾಭ ನೋಡಿ ಮತ ಹಾಕುತ್ತಾರೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಎರಡು ಬೀದಿಯ ಕೊಡಗಳನ್ನೂ ಎಣಿಸಿ, ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಒಬ್ಬರೂ ಅತ್ತ ತಿರುಗಲಿಲ್ಲ.

"ನೀರು ಹಾಳಾಗೋದು ನಿಮಗೂ ಗೊತ್ತಲ್ಲ ಸರ್?" ಎಂದು ಸದಸ್ಯರನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಗೊತ್ತಪ್ಪ. ತುಂಬಿದ ತೊಟ್ಟಿ ಯಾವನೂ ನೆನಪಿಟ್ಕೊಳ್ಳಲ್ಲ. ಕಿತ್ಕೊಂಡಿದ್ದು ಮಾತ್ರ ಮುಂದಿನ ಚುನಾವಣೆವರೆಗೂ ಮರೆಯಲ್ಲ," ಎಂದು ನಕ್ಕು ವೇದಿಕೆಗೆ ಹೋದರು.

"ಹಳೇ ಪದ್ಧತಿ ಬೇಕು ಅನ್ನೋರು?"

ಕೆಳಬೀದಿಯ ಕೈಗಳೆಲ್ಲ ಎದ್ದವು. ನಮ್ಮ ಸಾಲಿನಿಂದಲೂ ಒಂದು ಕೈ ನಿಧಾನವಾಗಿ ಮೇಲಕ್ಕೆ ಹೋಯಿತು. ಚಿಕ್ಕಮ್ಮನ ಕೈ. ನೀರಗಂಟಿಯ ಹೆಂಡತಿಯೇ ಎತ್ತಿದ್ದಾರೆಂದರೆ ಏನೋ ಇರಬೇಕೆಂದು ಅಕ್ಕಪಕ್ಕದವರು ಪಿಸುಗುಟ್ಟಿದರು. ಇನ್ನೂ ನಾಲ್ಕು ಕೈ ಎದ್ದವು. ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಚಿಕ್ಕಪ್ಪ ಕೀಲಿಯನ್ನು ದಡಾರನೆ ಮೂಲೆಗೆ ಎಸೆದರು. "ಯಾರಿಗೋಸ್ಕರ ಮಾಡ್ದೆ ನಾನು ಇದನ್ನ?"

"ಮಾಡಿ ಅಂತ ನಾನು ಕೇಳಿದ್ನಾ? ಹಿಟ್ಟಿನ ಗಿರಣಿ ಮುಂದೆ ಹೋಗಿ ನಿಂತ್ರೆ 'ಬಂದ್ಲು ನೀರಿನ ಮಹಾರಾಣಿ' ಅಂತಾರೆ. ನಿಮಗೆ ಕೇಳ್ಸುತ್ತಾ ಅದು?"

"ಅದಕ್ಕೆ ಮತ್ತೆ ಬೋರ್‌ವೆಲ್‌ಗೆ ಹೋಗ್ತೀಯಾ?"

"ಹೋಗ್ತೀನಿ ಕಣ್ರೀ. ಅಲ್ಲಿ ನನ್ನನ್ನ ಯಾರೂ ಕಳ್ಳಿ ಅನ್ನಲ್ಲ."

ಚಿಕ್ಕಪ್ಪ ಎಸೆದ ಕೀಲಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ನನಗೂ ಮೈ ಪರಚಿಕೊಳ್ಳುವಂತಾಗಿತ್ತು. ಯಾರ ಮೇಲೆ ಸಿಟ್ಟಾಗಬೇಕು?

ಮರುದಿನ ಚಿಕ್ಕಪ್ಪನ ಜೊತೆ ನಾನೂ ಹೋದೆ. ಕೆಳಬೀದಿಗೆ ಪೂರ್ತಿ ಒಂದು ಗಂಟೆ. ತೊಟ್ಟಿಗಳು ಉಕ್ಕಿ ಚರಂಡಿ ತುಂಬಿತು. ಟೈಂಕೀಪರ್ ಗಡಿಯಾರ ನೋಡಿ, "ಈಗ ನೋಡು, ಇದು ನ್ಯಾಯ" ಎಂದರು. ನೀರು ಅವರ ಚಪ್ಪಲಿಯನ್ನೇ ತೋಯಿಸುತ್ತಿತ್ತು.

ಮೇಲ್ಬೀದಿಯಲ್ಲೂ ಸರಿಯಾಗಿ ಒಂದು ಗಂಟೆಗೆ ಚಿಕ್ಕಪ್ಪ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು. ಎದುರುಮನೆಯ ಟೈಲರಮ್ಮನ ಆರನೆಯ ಕೊಡಕ್ಕೆ ಅರ್ಧವೂ ಬಂದಿರಲಿಲ್ಲ. ಆಕೆ ಓಡಿಬಂದರು.

"ಅಣ್ಣಾ, ಕೆಳಗಿನವರಿಗೂ ಒಂದೇ ಗಂಟೆ ತಾನೇ ಬಿಟ್ಟಿದ್ದು? ಒಂದು ನಿಮಿಷಾನೂ ಜಾಸ್ತಿ ಬಿಟ್ಟಿಲ್ಲ ತಾನೇ?"

"ಇಲ್ಲಮ್ಮ."

"ಹಾಗಾದ್ರೆ ಸರಿ ಬಿಡಿ," ಎಂದು ಆಕೆ ಅರೆಕೊಡವನ್ನು ಸೊಂಟಕ್ಕಿಟ್ಟುಕೊಂಡು ನೆಮ್ಮದಿಯಿಂದ ಒಳಗೆ ಹೋದರು.