ಉತ್ತರಧ್ರುವದ ದಾರಿ, ಕಾಕಿಯ ಹರವಿ

ನನ್ನ ತಮ್ಮ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಕಾರವಾರದ ಶಾಲಾ ಪ್ರವಾಸ ಬಿಟ್ಟರೆ ಸಮುದ್ರವನ್ನೇ ಕಾಣದ ನಮ್ಮ ಅಣ್ಣಿಗೇರಿ ಮನೆತನದಲ್ಲಿ ಅವನ ಮಾತಿಗೆ ಭಾರಿ ತೂಕ. ಒಮ್ಮೆ ಫೋನಿನಲ್ಲಿ ಹೇಳಿದ: ಉತ್ತರಧ್ರುವದ ಕಡೆ ಮಂಜುಗಡ್ಡೆ ಕರಗಿ ಹಡಗಿಗೆ ಹೊಸ ದಾರಿ ಬಿಟ್ಟಿದೆ, ಏಷ್ಯಾದಿಂದ ಯುರೋಪಿಗೆ ಸುತ್ತು ಕಡಿಮೆ, ಆ ದಂಡೆಯ ಸಣ್ಣ ಸಣ್ಣ ಬಂದರುಗಳಿಗೆಲ್ಲ ಇನ್ನು ಸುಗ್ಗಿಯಂತೆ.

ಇದು ಕಾಕಾನ ಕಿವಿಗೆ ಬಿತ್ತು. ಬಸ್‌ಸ್ಟ್ಯಾಂಡಿನ ಬಾಜು ಅವನದು ಚಹಾ-ಮಿರ್ಚಿಯ ಅಂಗಡಿ. ಊರ ಹೊರಗೆ ಹೊಸ ರಸ್ತೆ ಆದಮೇಲೆ ಲಾರಿಗಳು ಒಳಗೆ ಬರುವುದು ಬಿಟ್ಟು, ಅವನ ಬಾಣಲೆ ತಣ್ಣಗಾಗಿತ್ತು.

"ಕೇಳಿದಿಲ್ಲೋ? ದಾರಿ ಎಲ್ಲೆ ಐತಿ, ದಂಧೆ ಅಲ್ಲೆ," ಎಂದವನೇ ಹಳೆಯ ಅಂಗಡಿ ಬಿಟ್ಟುಕೊಟ್ಟು, ಹೊಸ ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ಡು ಹಾಕಿಯೇಬಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾವಿ. ನನಗೆ ಸಿಟ್ಟು ಬಂತು. ಹೊಟ್ಟೆಪಾಡಿನ ಅಂಗಡಿಯನ್ನು ಯಾರಾದರೂ ಉತ್ತರಧ್ರುವ ನಂಬಿ ಬಿಡುತ್ತಾರೆಯೇ?

ಗಾಡಿಗಳೇನೋ ಒಂದೇ ಸವನೆ ಬರುತ್ತಿದ್ದವು, ನಿಲ್ಲುತ್ತಿರಲಿಲ್ಲ. ಕಾಕಾ ಮಿರ್ಚಿ ಕರಿಯುತ್ತಿದ್ದ, ಅವು ಧೂಳು ಹಾರಿಸಿ ಹೋಗುತ್ತಿದ್ದವು. ಸಂಜೆ ಉಳಿದ ಮಿರ್ಚಿಯೆಲ್ಲ ನಮ್ಮ ಮನೆಗೆ. "ಬಸವ ಜಯಂತಿ ತನಕ ನೋಡ್ತೀನಿ. ಆಗಲಿಲ್ಲಂದ್ರ ಬಾಣಲಿ ಮಾರಿ ಮನ್ಯಾಗ ಕೂಡ್ತೀನಿ," ಎಂದ ದಿನ ಯಾರಿಗೂ ಊಟ ಸೇರಲಿಲ್ಲ.

ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಬೋರಿನ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಅದಕ್ಕೇ ಕಾಕಿ ಪ್ರತಿ ಬೇಸಿಗೆ ಕೆರೆಯ ಸಿಹಿನೀರು ತಂದು ಸೋಸಿ, ಒದ್ದೆ ಅರಿವೆ ಸುತ್ತಿದ ದೊಡ್ಡ ಮಣ್ಣಿನ ಹರವಿಗಳಲ್ಲಿ ತುಂಬಿ, ದಾರಿಹೋಕರಿಗೆಂದು ಮನೆಬಾಗಿಲಲ್ಲಿ ಅರವಟಿಗೆ ಇಡುತ್ತಾಳೆ. ಆ ವರ್ಷ ಹರವಿಗಳನ್ನು ಹೊಸ ರಸ್ತೆಗೇ ಒಯ್ದಳು.

"ದಾರಿನ ಅಲ್ಲೆ ಹ್ವಾದ ಮ್ಯಾಲೆ ಇಲ್ಲೆ ಯಾರಿಗಿ ಇಡಲಿ? ನೀರಿಗಿ ರೊಕ್ಕಾ ಕೇಳಬ್ಯಾಡ್ರಿ ಮತ್ತ," ಎಂದು ಕಾಕಾಗೆ ತಾಕೀತು ಮಾಡಿದಳು.

ಮೊದಲು ಕಡಲೆ ತುಂಬಿದ ಒಂದು ಲಾರಿ ನಿಂತಿತು. ಡ್ರೈವರ್ ತಂಬಿಗೆ ಎತ್ತಿ ಗಟಗಟ ಕುಡಿದ, ಮುಖ ತೊಳೆದ, ಮಿರ್ಚಿಯ ವಾಸನೆಗೆ ಬೆಂಚಿನ ಮೇಲೆ ಕೂತೇಬಿಟ್ಟ. ಅವನನ್ನು ನೋಡಿ ಹಿಂದಿನವನೂ ನಿಂತ. ಬಸವ ಜಯಂತಿ ಬಂತು, ಹೋಯಿತು. ಬಾಣಲೆ ಮಾರುವ ಮಾತು ಯಾರೂ ಎತ್ತಲಿಲ್ಲ.

ಮಳೆಗಾಲದಲ್ಲಿ ತಮ್ಮನ ಫೋನು ಬಂದಾಗ ನಾವೆಲ್ಲ ಶೆಡ್ಡಿನಲ್ಲೇ ಇದ್ದೆವು, ಬೇಸಿಗೆ ಮುಗಿದರೂ ಕಾಕಿ ಹರವಿ ಎತ್ತಿರಲಿಲ್ಲ. ಕಾಕಾ ಫೋನಿನ ಸ್ಪೀಕರ್ ಹಾಕಿದ.

"ಕಾಕಾ, ಇಲ್ಲೊಂದು ಸಣ್ಣ ಬಂದರದವ್ರು ಹಡಗ ನಿಲ್ಲಾಕ ಹೊಸಾ ಕಟ್ಟೆ ಕಟ್ಟಿಸಿ ದಾರಿ ಕಾಯಾಕತ್ತಾರ. ಹಡಗ ಹಾದು ಹೋಗ್ತಾವ, ನಿಲ್ಲಂಗಿಲ್ಲ. ನಾವೂ ನಿಲ್ಲಲಿಲ್ಲ."

ಕಾಕಾನ ಮುಖ ಸಣ್ಣದಾಯಿತು. "ಪಾಪ. ನಿಲ್ಲೂವಂಥಾದ್ದು ಏನರ ಇಡ್ರಿ ಅಂತ ಹೇಳಪಾ ಅವ್ರಿಗೆ."

"ಏನಿಡಬೇಕು? ಸುತ್ತೆಲ್ಲಾ ನೀರ ಐತಿ."

ಕಾಕಿ ಹರವಿಯ ಅರಿವೆ ಹಿಂಡುತ್ತಲೇ ಅಂದಳು: "ಅದು ಸವಳು ನೀರಲ್ಲೇನೋ? ಕುಡಿಯೂ ನೀರು ಇಡಾಕ ಹೇಳು."

ತಮ್ಮ ಅಂದ: "ಕುಡಿಯೂ ನೀರು ತುಂಬಿಸ್ಕೊಳ್ಳಾಕಂತನ ನಾವು ಮುಂದಿನ ಬಂದರದಾಗ ನಿಂತಿದ್ವಿ, ಕಾಕಿ."

ಕಾಕಾ ಫೋನು ನನ್ನ ಕೈಗೆ ಕೊಟ್ಟ. ಖಾಲಿ ಕೊಡಗಳನ್ನು ಸೈಕಲ್ಲಿಗೆ ಕಟ್ಟಿ, ತಾನೇ ಕೆರೆಯ ಕಡೆ ಹೊರಟ. ಅವನು ನೀರಿಗೆ ಹೋದದ್ದನ್ನು ನಮ್ಮ ಮನೆತನದಲ್ಲಿ ಅಲ್ಲಿಯ ತನಕ ಯಾರೂ ನೋಡಿರಲಿಲ್ಲ.